ಮಾವನ ಬಲಗಣ್ಣು

ನನ್ನ ಫ್ಯಾಕ್ಟರಿ ಕೋಟಿನ ಜೇಬನ್ನು ಮಾವ ಸೊಟ್ಟಗೆ ಹೊಲಿದು ಕೊಟ್ಟಾಗ ನನಗೆ ಮೊದಲು ಅನ್ನಿಸಿದ್ದು, ಮುದುಕ ಬೇಕಂತಲೇ ಮಾಡಿದ್ದಾನೆ ಎಂದು. ಹೀಗೆ ಏಕವಚನದಲ್ಲಿ ಬರೆಯಬಾರದು, ಗೊತ್ತು. ಬಾಯಲ್ಲಿ ನಾನು ಯಾವತ್ತೂ ಬಹುವಚನ ಬಿಟ್ಟವಳಲ್ಲ. ಮನಸ್ಸಿನಲ್ಲಿ ಮಾತ್ರ ಅವರು ನನಗೆ ಮುದುಕನೇ ಆಗಿದ್ದರು. ಅದನ್ನು ಈಗ ಮುಚ್ಚಿಟ್ಟು ಯಾವ ಪುಣ್ಯ ಕಟ್ಟಿಕೊಳ್ಳಲಿ?

ಅದು ತೊಂಬತ್ತರ ದಶಕದ ನಡುಭಾಗ. ಟಿ. ದಾಸರಹಳ್ಳಿಯಲ್ಲಿ ನಮ್ಮಪ್ಪ ರಾಗಿ ಬಿತ್ತುತ್ತಿದ್ದ ಹೊಲದಲ್ಲಿ ಆ ಹೊತ್ತಿಗೆ ಎರಡು ಸಾಲು ಶೀಟಿನ ಮನೆಗಳು ಎದ್ದಿದ್ದವು. ಎಲ್ಲದರಲ್ಲೂ ಪೀಣ್ಯದ ಕಾರ್ಮಿಕರೇ. ನನ್ನ ಗಂಡ ರಾಣೆಬೆನ್ನೂರಿನ ಕಡೆಯಿಂದ ಬಂದು ಅದರಲ್ಲೊಂದು ಮನೆಗೆ ಬಾಡಿಗೆಗೆ ಸೇರಿದವರು. ಅವರೂ ನಾನೂ ಕೆಲಸ ಮಾಡುತ್ತಿದ್ದದ್ದು ಒಂದೇ ಫ್ಯಾಕ್ಟರಿಯಲ್ಲಿ, ಹೋಗುತ್ತಿದ್ದದ್ದು ಒಂದೇ ಬಸ್ಸಿನಲ್ಲಿ. ಮುಂದಿನದ್ದು ಬಿಡಿಸಿ ಹೇಳಬೇಕಾಗಿಲ್ಲ. ನಾವು ಒಕ್ಕಲು ಮಕ್ಕಳು, ಭಾನುವಾರ ಮನೆಯಲ್ಲಿ ಮಾಂಸದ ಸಾರು ಕುದಿಯಲೇಬೇಕು. ಅವರು ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಬೆಳಿಗ್ಗೆ ಲಿಂಗಪೂಜೆ ಆಗುವ ತನಕ ಒಂದು ಗುಟುಕು ಚಹಾ ಮುಟ್ಟದವರು. ಎರಡೂ ಕಡೆಯವರು ಕೂಗಾಡಿ, ಅತ್ತು, ಕರೆದು, ಕೊನೆಗೆ ಸುಸ್ತಾಗಿ ಮದುವೆ ಮಾಡಿದರು. ಸಾಲಿನ ಕೊನೆಯ ಮನೆಯನ್ನು ನಮ್ಮಪ್ಪ ನಮಗೇ ಬಿಟ್ಟುಕೊಟ್ಟರು.

ಅತ್ತೆ ತೀರಿಕೊಂಡ ಮೇಲೆ ಮಾವ ಆ ಮನೆಗೆ ಬಂದರು. ನಲವತ್ತು ವರ್ಷ ಊರಿನಲ್ಲಿ ಟೇಲರ್ ಅಂಗಡಿ ನಡೆಸಿದವರು. ಬರುವಾಗ ಒಂದು ಟ್ರಂಕು, ಒಂದು ಹೊಲಿಗೆ ಯಂತ್ರ, ಹೊತ್ತು ತರಲಾರದಷ್ಟು ಸಿಟ್ಟು. ಸೊಸೆಯ ತವರಿನವರು ಕೊಟ್ಟ ಮನೆಯಲ್ಲಿ ಉಣ್ಣಬೇಕಾಯಿತಲ್ಲ ಎಂಬುದು ಅವರ ಗಂಟಲಿನಿಂದ ಕೊನೆಯ ತನಕ ಇಳಿಯಲಿಲ್ಲ. ನನ್ನ ಜೊತೆ ಅವರು ನೇರವಾಗಿ ಮಾತಾಡುತ್ತಿರಲಿಲ್ಲ. ಮಗ ಎದುರಿಗಿದ್ದರೆ ಮಗನಿಗೆ, ಇಲ್ಲದಿದ್ದರೆ ಗೋಡೆಗೆ ಹೇಳುತ್ತಿದ್ದರು. "ಸಾರಿಗೆ ಉಪ್ಪಿಲ್ಲ" ಎಂದು ಗೋಡೆಗೆ ಹೇಳಿದರೆ ನಾನು ಉಪ್ಪಿನ ಡಬ್ಬಿ ತಂದು ಕುಕ್ಕಬೇಕು. ಮದುವೆಯಾದ ದಿನದಿಂದ ಆ ಮನೆಯಲ್ಲಿ ನಾನು ಮಾಂಸ ಬೇಯಿಸಿದವಳಲ್ಲ. ತಿನ್ನಬೇಕು ಅನ್ನಿಸಿದರೆ ಎರಡು ಬೀದಿ ಆಚೆ ಅಮ್ಮನ ಮನೆಗೆ ಹೋಗಿ ತಿಂದು, ಬಾಯಿ ಮುಕ್ಕಳಿಸಿ, ಎಲೆ ಅಡಿಕೆ ಹಾಕಿಕೊಂಡು ಬರುತ್ತಿದ್ದೆ. ಆದರೂ ಭಾನುವಾರ ನಾನು ಬಾಗಿಲು ದಾಟಿ ಒಳಗೆ ಬಂದರೆ ಮಾವ ಮೂಗಿನ ಮೇಲೆ ಟವೆಲ್ ಇಟ್ಟುಕೊಂಡು ಹೊರಗೆ ಹೋಗಿ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚುತ್ತಿದ್ದರು. ಬೀಡಿಯ ವಾಸನೆಗೆ ಅವರ ಮೂಗು ಅಡ್ಡಿ ಮಾಡುತ್ತಿರಲಿಲ್ಲ.

ಹಾಗಾಗಿ ಜೇಬು ಸೊಟ್ಟ ಬಂದಾಗ ನಾನು ಬೇರೆ ಏನು ತಿಳಿಯಲಿ? ಫ್ಯಾಕ್ಟರಿಯಲ್ಲಿ ನನ್ನದು ಇನ್ಸ್‌ಪೆಕ್ಷನ್ ಕೆಲಸ. ಲೇತಿನಿಂದ ಬಂದ ಉಕ್ಕಿನ ಪಿನ್ನುಗಳ ಮೇಲೆ ಉಕ್ಕಿನ ಪಟ್ಟಿ ಇಟ್ಟು, ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು ನೋಡಬೇಕು. ನಡುವೆ ಕೂದಲೆಳೆಯಷ್ಟು ಬೆಳಕು ಸೋರಿದರೂ ಪಿನ್ನು ಬಾಗಿದೆ ಎಂದರ್ಥ, ಕೆಂಪು ಡಬ್ಬಿಗೆ ಹೋಗಬೇಕು. ಆಪರೇಟರುಗಳು ನನ್ನನ್ನು ಕಂಡರೆ ಉರಿದು ಬೀಳುತ್ತಿದ್ದರು. "ಮೇಡಂ ಕಣ್ಣಿಗೆ ಬಿದ್ರೆ ಮುಗೀತು ಗುರು" ಎನ್ನುವುದು ನನ್ನ ಕಿವಿಗೂ ಬೀಳುತ್ತಿತ್ತು, ಒಳಗೊಳಗೇ ಹಿಗ್ಗುತ್ತಿದ್ದೆ. ಅಂಥವಳ ಕೋಟಿಗೇ ಸೊಟ್ಟ ಜೇಬು! ಗಂಡನ ಮುಂದೆ ಕೋಟನ್ನು ಎತ್ತಿ ಹಿಡಿದು ಕೇಳಿದೆ.

"ನಲವತ್ತು ವರ್ಷ ಟೇಲರ್ ಆಗಿದ್ದೋರು ಹೊಲಿಯೋ ಹೊಲಿಗೇನಾ ಇದು? ನಂಗೆ ಅಂತ ಗೊತ್ತಿದ್ದೇ ಹಿಂಗ್ ಮಾಡಿರೋದು."

ಒಳಗಿನಿಂದ ಮಾವ ಗೋಡೆಗೆ ಹೇಳಿದರು. "ಅರಬಿ ಸುಮಾರೈತಿ. ಎಳಿ ಸೊಟ್ಟ ಇದ್ರ ಹೊಲಿಗಿ ಸೊಟ್ಟನ ಬರತೈತಿ." ಬಟ್ಟೆ ಕಳಪೆ, ಅದರ ಎಳೆಯೇ ಸೊಟ್ಟ ಎಂದು ಅವರ ವಾದ. ನಾನು ಜೇಬನ್ನು ಬಿಚ್ಚಿ, ಬೀದಿ ಕೊನೆಯ ಬೇರೆ ಟೇಲರ್ ಹತ್ತಿರ ಹೊಲಿಸಿಕೊಂಡು ಬಂದು, ಅವರ ಕಣ್ಣಿಗೆ ಬೀಳುವ ಹಾಗೆ ಮೊಳೆಗೆ ತಗುಲಿಸಿದೆ.

ಆಮೇಲೆ ಒಂದರ ಹಿಂದೆ ಒಂದು. ಅಮ್ಮ ಒಂದು ದಿನ ಬಂದು ಮೂತಿ ಉಬ್ಬಿಸಿಕೊಂಡು ಕೂತಳು. "ನಿಮ್ಮಾವ ಎದುರುಗಡೇನೇ ಬಂದ್ರು ಕಣವ್ವ. ನಾನು ನಗನಗ್ತಾ ಮಾತಾಡಿಸ್ದೆ. ಮರ ನೋಡ್ದಂಗೆ ನೋಡ್ಕಂಡು ಹೋದ್ರು. ಏನವರ ದೌಲತ್ತು, ಅವರಿರಾದು ನಮ್ಮ ಮನೇಲಿ ತಾನೆ?" ಅವಳ ಪರವಾಗಿ ಆ ದಿನ ನಾನು ಮಾವನಿಗೆ ಕೇಳುವ ಹಾಗೆ ಪಾತ್ರೆ ಕುಕ್ಕಿದೆ. ಚಹಾ ಬಸಿದುಕೊಳ್ಳುವಾಗ ಮಾವ ಲೋಟದ ಹೊರಗೆ ಸುರಿದರು. ನೆಲ ಒರೆಸುವವಳು ನಾನಲ್ಲವೇ, ಅದಕ್ಕೇ ಎಂದುಕೊಂಡೆ. ನನ್ನ ಮುಖವನ್ನು ನೋಡದೆ ನನ್ನ ಕಿವಿಯ ಪಕ್ಕ ಎಲ್ಲೋ ನೋಡುತ್ತಾರೆ, ತಿರಸ್ಕಾರ ಎಂದುಕೊಂಡೆ. ದ್ವೇಷ ಎನ್ನುವುದು ಬಲು ಅನುಕೂಲದ ವಸ್ತು. ಅದೊಂದಿದ್ದರೆ ಬೇರೆ ಯಾವ ಕಾರಣವನ್ನೂ ಹುಡುಕಬೇಕಾಗಿಲ್ಲ.

ನಿಜ ಗೊತ್ತಾದದ್ದು ತುಮಕೂರು ರಸ್ತೆಯ ಧೂಳಿನಿಂದ. ಲಾರಿಯೊಂದು ಎಬ್ಬಿಸಿದ ಮಣ್ಣು ಮಾವನ ಬಲಗಣ್ಣಿಗೆ ಬಿತ್ತು. ಕಣ್ಣನ್ನು ಟವೆಲಿನಿಂದ ಒತ್ತಿಕೊಂಡು ಮನೆಗೆ ಬಂದವರು ಬಾಗಿಲಲ್ಲೇ ನಿಂತು ಮಗನನ್ನು ಕೂಗಿದರು.

"ಎಡಗಣ್ಣಾಗ ನಿನ್ನ ಮಾರಿ ಕಾಣವಲ್ದಲ್ಲೋ! ನಟ್ಟ ನಡುವ ಕರೀ ತೂತು ಬಿದ್ದಂಗ ಐತಿ."

ಎಡಗಣ್ಣು ಕೆಟ್ಟು ಎಷ್ಟು ದಿನವಾಗಿತ್ತೋ ಅವರಿಗೇ ಗೊತ್ತಿರಲಿಲ್ಲ. ಇದ್ದುದರಲ್ಲಿ ಚೆನ್ನಾಗಿದ್ದ ಬಲಗಣ್ಣು ಅದರ ಕೊರತೆಯನ್ನು ಮುಚ್ಚಿಕೊಂಡು ಬಂದಿತ್ತು. ಧೂಳು ಬಿದ್ದು ಬಲಗಣ್ಣು ಮುಚ್ಚಿದ್ದಕ್ಕೆ ಎಡದ್ದರ ಬಣ್ಣ ಬಯಲಾಯಿತು.

ಮಾರನೆಯ ದಿನ ನಾನೂ ಗಂಡನೂ ರಜೆ ಹಾಕಿ, ಎರಡು ಬಸ್ಸು ಬದಲಿಸಿ ಅವರನ್ನು ಪೇಟೆಯ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ನನ್ನಮ್ಮನ ವಯಸ್ಸಿನ ಹೆಂಗಸು. ಕಣ್ಣಿಗೆ ಹನಿ ಹಾಕಿಸಿ, ಮೂರು ತಾಸು ಬೆಂಚಿನ ಮೇಲೆ ಕೂರಿಸಿ, ಆಮೇಲೆ ಕಣ್ಣೊಳಗೆ ಬೆಳಕು ಬಿಟ್ಟು ನೋಡಿದರು. ನೋಡಿದವರೇ ನಮ್ಮ ಕಡೆ ತಿರುಗಿ ಗದರಿದರು.

"ಇಷ್ಟು ದಿನ ಮನೇಲಿ ಒಬ್ರಾದ್ರೂ ಗಮನಿಸ್ಲಿಲ್ವಾ? ಕೈ ತಪ್ಪೋದು, ಗೆರೆ ಸೊಟ್ಟ ಕಾಣೋದು, ಗುರುತಿರೋರ ಮುಖ ಗೊತ್ತಾಗ್ದೇ ಇರೋದು, ಏನೂ ಇರ್ಲಿಲ್ವಾ?"

ನಾನು ಗಂಡನ ಮುಖ ನೋಡಿದೆ. ಜೇಬು, ಅಮ್ಮ, ಚಹಾದ ಲೋಟ, ಎಲ್ಲವೂ ಒಟ್ಟಿಗೆ ನೆನಪಾಯಿತು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಆ ಡಾಕ್ಟರ ಮೇಲೆ ಸಿಟ್ಟು ಬಂತು.

ಅವರು ಕಾಯಿಲೆಯನ್ನು ವಿವರಿಸಿದ ರೀತಿ ಮಾತ್ರ ಚೆನ್ನಾಗಿತ್ತು. ಕ್ಯಾಮರಾದಲ್ಲಿ ರೀಲು ಇರುವ ಹಾಗೆ ಕಣ್ಣಿನ ಹಿಂಬದಿಯಲ್ಲಿ ಒಂದು ತೆಳುವಾದ ಪರದೆ ಇದೆ. ಅದರ ನಟ್ಟನಡುವೆ ಚಿಕ್ಕದೊಂದು ಜಾಗ. ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖ ಗುರುತಿಸುವುದು, ಎಲ್ಲ ಆ ಜಾಗದ ಕೆಲಸ. ವಯಸ್ಸಾದಂತೆ ಕೆಲವರಿಗೆ ಅದು ಸವೆಯುತ್ತದೆ. ನಿಧಾನವಾಗಿ ಸವೆದರೆ ಅದು ಒಣ ಬಗೆ. ಕೆಲವೊಮ್ಮೆ ಅದರ ಹಿಂದೆ ಇರಬಾರದ ರಕ್ತನಾಳಗಳು ಹುಟ್ಟಿ ಸೋರಲು ಶುರುವಾಗುತ್ತದೆ, ಅದು ಒದ್ದೆ ಬಗೆ. ಮಾವನ ಎಡಗಣ್ಣು ಒದ್ದೆಯಾಗಿ, ಸೋರಿ, ಆಗಲೇ ಕಲೆಗಟ್ಟಿತ್ತು. ಅದಕ್ಕೆ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಬಲಗಣ್ಣು ಸವೆಯುತ್ತಿದ್ದರೂ ಇನ್ನೂ ಒಣ ಬಗೆಯಲ್ಲೇ ಇತ್ತು.

"ಈಗ ನಿಮ್ಮ ಕೈಯಲ್ಲಿರೋದು ಇದೊಂದೇ ಕಣ್ಣು" ಎಂದರು ಡಾಕ್ಟರು. "ಇದೂ ಯಾವತ್ತಾದ್ರೂ ಸೋರಬಹುದು. ನೆಟ್ಟಗಿರೋದು ಸೊಟ್ಟ ಕಂಡ್ರೆ ಅದೇ ಗುರುತು. ಅವತ್ತೇ ಬನ್ನಿ, ಮಾರನೇ ದಿನ ಅಲ್ಲ. ಸೋರಿಕೆ ನಡುಭಾಗ ಮುಟ್ಟೋ ಮುಂಚೆ ಸಿಕ್ಕಿದ್ರೆ ಲೇಸರ್ ಹಾಕಿ ಸುಟ್ಟು ನಿಲ್ಲಿಸೋಕೆ ನೋಡ್ತೀವಿ. ಮುಟ್ಟಿದ ಮೇಲೆ ಲೇಸರ್ ಹಾಕಿದ್ರೆ ನಾವೇ ಕಣ್ಣು ಸುಟ್ಟ ಹಾಗೆ. ಮತ್ತೆ, ಬೀಡಿ ಇವತ್ತಿಗೇ ಬಿಡಿ."

"ನಮ್ಮಪ್ಪ ಸಾಯೂತನಾ ಬೀಡಿ ಸೇದ್ಯಾನ್ರಿ. ಸಾಯೂತನಾ ಸೂಜಿಗೆ ದಾರಾ ತಾನ ಪೋಣಸ್ತಿದ್ದ" ಎಂದರು ಮಾವ.

"ಹಾಗಾದ್ರೆ ನಿಮ್ಮಪ್ಪನ ಕಣ್ಣು ಹಾಕ್ಕೊಂಡು ಬನ್ನಿ" ಎಂದರು ಡಾಕ್ಟರು. ನಾನು ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿದೆ. ಮಾವ ಅದನ್ನು ಹೇಗೋ ಕಂಡುಕೊಂಡರು.

ಹೊರಡುವಾಗ ಡಾಕ್ಟರು ಒಂದು ಹಾಳೆ ಕೊಟ್ಟರು. ಲೆಕ್ಕದ ಪುಸ್ತಕದ ಚೌಕುಳಿಯ ಹಾಗೆ ಅಡ್ಡ ಉದ್ದ ಗೆರೆಗಳು, ನಡುವೆ ಒಂದು ಚುಕ್ಕೆ. ದಿನಾ ಬೆಳಿಗ್ಗೆ ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಚುಕ್ಕೆಯನ್ನೇ ನೋಡಬೇಕು. ಸುತ್ತಲಿನ ಗೆರೆ ಡೊಂಕು ಕಂಡರೆ, ಎಲ್ಲಿಯಾದರೂ ಅಳಿಸಿದ ಹಾಗೆ ಕಂಡರೆ, ಓಡಿ ಬರಬೇಕು. ನನಗೆ ಅದು ಥಟ್ಟನೆ ತಲೆಗೆ ಹೋಯಿತು. ನಾನು ಪಿನ್ನುಗಳಿಗೆ ಮಾಡುವ ಕೆಲಸವೇ ಅದು. ಹಾಳೆಯನ್ನು ತಂದು ಅಡುಗೆಮನೆಯ ಬಾಗಿಲ ಪಕ್ಕ, ಬೆಳಕು ಬೀಳುವ ಜಾಗದಲ್ಲಿ, ಅವರ ಎತ್ತರಕ್ಕೆ ಅಂಟಿಸಿದೆ.

ನಾನು ಅಂಟಿಸಿದ್ದೇ ತಪ್ಪಾಯಿತು. ಮಗ ಅಂಟಿಸಿದ್ದರೆ ನೋಡುತ್ತಿದ್ದರೋ ಏನೋ. ಮಾವ ಅದರ ಮುಂದೆ ಹಾದುಹೋಗುವಾಗಲೆಲ್ಲ ಮುಖ ತಿರುಗಿಸಿದರು. ಒಂದು ವಾರ ನಾನು ದಿನಾ ನೆನಪಿಸಿದೆ, ದಿನಾ ಗೋಡೆಗೆ ಉತ್ತರ ಬಂತು. "ಮನಿ ತುಂಬ ಜಾಳಿಗಿ ಹಾಳಿ ಹಚ್ಚ್ಯಾಳ. ನಾಳೆ ನನಗೂ ನಂಬರ್ ಹಾಕಿ ಡಬ್ಬ್ಯಾಗ ಇಡತಾಳ." ಎಂಟನೆಯ ದಿನ ನನ್ನ ತಾಳ್ಮೆ ಮುಗಿಯಿತು.

ಮಾವ ಪೂಜೆಗೆ ಕೂತಿದ್ದರು. ಸ್ನಾನಕ್ಕೆ ಹೋಗುವಾಗ ಬೆಳ್ಳಿಯ ಕರಡಿಗೆಯನ್ನು ಕೊರಳಿನಿಂದ ತೆಗೆದು ಗೂಡಿನಲ್ಲಿಟ್ಟು, ಬಂದ ಮೇಲೆ ಅದರಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಳ್ಳುವುದು ಅವರ ಪದ್ಧತಿ. ನೇರಳೆ ಹಣ್ಣಿನಷ್ಟು ದೊಡ್ಡದು, ಕಪ್ಪಗೆ, ನುಣ್ಣಗೆ ಹೊಳೆಯುವಂಥದ್ದು. ನೀರು, ವಿಭೂತಿ, ಒಂದು ಹೂವು. ಆಮೇಲೆ ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ರೆಪ್ಪೆ ಬಡಿಯದೆ ಅದನ್ನೇ ನೋಡುತ್ತ ಕೂರುವುದು. ಅದು ಅವರವರ ಲಿಂಗ, ಬೇರೆಯವರು ಮುಟ್ಟುವ ಹಾಗಿಲ್ಲ. ನಾನಂತೂ ಸುಳಿಯುವ ಹಾಗೂ ಇರಲಿಲ್ಲ. ಪೂಜೆ ಮುಗಿದದ್ದನ್ನು ನೋಡಿಕೊಂಡು ಬಾಗಿಲಿನಿಂದಲೇ ಹೇಳಿದೆ.

"ಮಾವ, ಆ ಹಾಳೆ ನೋಡಲ್ಲ ಅಂದ್ರೆ ಬಿಡಿ. ದಿನಾ ಇಷ್ಟು ಹೊತ್ತು ಲಿಂಗ ನೋಡ್ತೀರಲ್ಲ, ಅದನ್ನೇ ಒಂದು ನಿಮಿಷ ಎಡಗಣ್ಣು ಮುಚ್ಚಿ ನೋಡಿ. ಸೊಟ್ಟ ಕಂಡ್ರೆ ಹೇಳಿ."

ಮಾವ ಎದ್ದು ನಿಂತರು. ಮೊದಲ ಸಲ ಗೋಡೆಯನ್ನು ಬಿಟ್ಟು ನನಗೇ ಹೇಳಿದರು. "ಲಿಂಗಕ್ಕ ಕಣ್ಣು ಹೊಡೀ ಅಂತೀ ಏನಬೇ? ನಿಮ್ಮ ಪೈಕಿ ಹಂಗ ಮಾಡ್ತಾರೇನು ದೇವರಿಗೆ?"

"ನಮ್ಮ ಪೈಕಿ ಕಣ್ಣು ಹೋಗೋ ತನಕ ಹಟ ಮಾಡಲ್ಲ" ಎಂದು ನಾನೂ ಅಂದೆ. ಆ ಸಂಜೆ ಗಂಡ ಇಬ್ಬರಿಗೂ ಸಮಾಧಾನ ಹೇಳಲು ಹೋಗಿ ಇಬ್ಬರಿಂದಲೂ ಬೈಸಿಕೊಂಡರು. ಅದೇ ಅವರ ಪಾಲಿನ ಕೆಲಸ ಆ ಮನೆಯಲ್ಲಿ.

ಎರಡು ತಿಂಗಳು ಹೀಗೇ ಹೋಯಿತು. ಹಾಳೆಯ ಅಂಚು ಎಣ್ಣೆ ಹೊಗೆಗೆ ಹಳದಿಯಾಯಿತು. ಬೀಡಿ ನಿಲ್ಲಲಿಲ್ಲ, ಕಲ್ಲಿನಿಂದ ಮನೆಯ ಹಿಂದಕ್ಕೆ ಸರಿಯಿತು ಅಷ್ಟೇ. ಯುಗಾದಿಗೆ ಮುಂಚೆ ನಾನು ಮನೆ ಸಾರಿಸಿ, ಗೋಡೆ ಗುಡಿಸಿ, ಸಂಜೆ ಮಾವ ಮತ್ತೊಮ್ಮೆ ಸ್ನಾನಕ್ಕೆ ಹೋದಾಗ ಪೂಜೆಯ ಗೂಡನ್ನೂ ಒದ್ದೆ ಬಟ್ಟೆಯಿಂದ ಒರೆಸಿದೆ. ಕರಡಿಗೆಯನ್ನು ಮುಟ್ಟಲಿಲ್ಲ. ಅದರ ಸುತ್ತ ಒರೆಸಿದೆ, ಅದು ಕೂತಿದ್ದಷ್ಟು ಜಾಗದ ಧೂಳನ್ನು ಹಾಗೇ ಬಿಟ್ಟೆ. ಇದನ್ನು ಎಲ್ಲಿ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ.

ಮಾರನೆಯ ಬೆಳಿಗ್ಗೆ ಗಂಡ ಮೊದಲ ಶಿಫ್ಟಿಗೆ ಹೋಗಿಯಾಗಿತ್ತು. ನಾನು ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದೆ. ಪೂಜೆಯ ನಡುವೆ ಎಂದೂ ಬಾಯಿ ಬಿಡದ ಮಾವ ಜೋರಾಗಿ ಕೂಗಿದರು.

"ಏನ್ ಮಾಡೀ ಬೇ ಇದಕ್ಕ? ಲಿಂಗ ಸೊಟ್ಟ ಆಗೇತಿ!"

ನಾನು ಬಾಗಿಲಿಗೆ ಬಂದೆ. ಅವರು ಅಂಗೈಯನ್ನು ನನ್ನ ಕಡೆ ಚಾಚಿದ್ದರು. ಮುಖದಲ್ಲಿ ಸಿಟ್ಟಿತ್ತು ಎಂದೇ ನಾನು ನೋಡಿದ್ದು.

"ನಾನ್ಯಾಕೆ ಮುಟ್ಟಲಿ ನಿಮ್ಮ ಲಿಂಗಾನ? ಮುಟ್ಟೇ ಇಲ್ಲ."

"ಮಗ್ಗಲು ಕುಸದೈತಿ ನೋಡು. ನಿನ್ನೆ ಮುಂಜಾನೆ ಹಿಂಗ ಇದ್ದಿದ್ದಿಲ್ಲ. ಗೂಡು ಒರಸ್ದಾಕಿ ಯಾರು?"

ನೋಡು ಎಂದರು. ನಾನು ನೋಡಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿ ಬಗ್ಗಿದ್ದರೆ ಸಾಕಿತ್ತು. ಕೂದಲೆಳೆಯ ಬೆಳಕನ್ನು ಹಿಡಿಯುವ ಕಣ್ಣು ನನ್ನದು, ಅದು ನೆಟ್ಟಗೇ ಇದೆ ಎಂದು ಒಂದು ಗಳಿಗೆಯಲ್ಲಿ ಗೊತ್ತಾಗುತ್ತಿತ್ತು. ನೆಟ್ಟಗಿರುವುದು ಅವರಿಗೆ ಸೊಟ್ಟ ಕಂಡಿದೆ ಎಂದರೆ ಅರ್ಥವೇನು ಎಂಬುದೂ ನನಗೆ ಬಾಯಿಪಾಠವಾಗಿತ್ತು. ಎರಡು ತಿಂಗಳಿನಿಂದ ನಾನೇ ಅದನ್ನು ಆ ಮನೆಯಲ್ಲಿ ಜಪಿಸಿದ್ದೆ. ಆದರೆ ಆ ಗಳಿಗೆಯಲ್ಲಿ ನನ್ನ ಕಿವಿಗೆ ಬಿದ್ದದ್ದು ಒಂದೇ ಮಾತು: ನೀನು ಮುಟ್ಟಿದ್ದೀಯ, ನಿನ್ನ ಕೈ ಮೈಲಿಗೆ. ಮೈಯೆಲ್ಲ ಉರಿದು ಹೋಯಿತು. ಡಬ್ಬಿಯನ್ನು ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿ ಹೊರಟೆ. ಗೇಟಿನ ಹತ್ತಿರ ತಿರುಗಿ, ಬೀದಿಗೆಲ್ಲ ಕೇಳುವ ಹಾಗೆ, "ಇನ್ನು ಮೇಲೆ ನನ್ನ ಮಾತಾಡಿಸಬೇಡಿ" ಎಂದೆ.

ಅವರೂ ಮಾತಾಡಿಸಲಿಲ್ಲ. ಹನ್ನೆರಡು ದಿನ. ಗೋಡೆಗೂ ಒಂದು ಮಾತು ಇಲ್ಲ. ಗಂಡ ಕೇಳಿದ್ದಕ್ಕೆ ನಾನು ನಡೆದದ್ದನ್ನು ಹೇಳಿದೆ. ಹೇಳುವಾಗಲೂ ಜಗಳವನ್ನೇ ಹೇಳಿದೆ. ಅವರೂ ಅದನ್ನು ಜಗಳವೆಂದೇ ಕೇಳಿಸಿಕೊಂಡು, "ಬಿಡು, ವಯಸ್ಸಾಗಿದೆ" ಎಂದರು. ಮಾವ ಹೊರಗೆ ಕೂರುವುದನ್ನು ಬಿಟ್ಟರು. ತಟ್ಟೆ ತಂದಿಟ್ಟರೆ ರೊಟ್ಟಿಗೆ ಕೈ ಹಾಕುವ ಮೊದಲು ತಟ್ಟೆಯನ್ನೆಲ್ಲ ಬೆರಳಿನಿಂದ ತಡವುತ್ತಿದ್ದರು. ನಾನು ಬಡಿಸಿದ್ದನ್ನು ಪರೀಕ್ಷೆ ಮಾಡುತ್ತಾರೆ ಎಂದುಕೊಂಡು ಹಲ್ಲು ಕಡಿದೆ. ಉಪ್ಪಿನಕಾಯಿಯ ಭರಣಿ ಬಿತ್ತು, ಒಡೆಯಿತು. ಅದನ್ನೂ ನನ್ನ ಮೇಲಿನ ಸೇಡಿನ ಲೆಕ್ಕಕ್ಕೇ ಹಾಕಿಕೊಂಡೆ.

ಹದಿಮೂರನೆಯ ದಿನ ಊರಿನಿಂದ ನಾದಿನಿಯ ಇನ್‌ಲ್ಯಾಂಡ್ ಪತ್ರ ಬಂತು. ಗಂಡ ಒಡೆದು ಅಪ್ಪನ ಕೈಗೆ ಕೊಟ್ಟರು. ಮಾವ ಕಿಟಕಿಯ ಹತ್ತಿರ ಕೂತು, ಕನ್ನಡಕ ಹಾಕಿಕೊಂಡು, ಓದುವವರ ಹಾಗೆ ತಲೆ ಆಡಿಸುತ್ತಿದ್ದರು. ಕಾಫಿ ತಂದ ನಾನು ನೋಡಿದೆ. ಪತ್ರ ತಲೆಕೆಳಗಾಗಿತ್ತು.

ಕಾಫಿ ಲೋಟವನ್ನು ಕಿಟಕಿಯ ಮೇಲಿಟ್ಟೆ. ಲಿಂಗ, ಹಾಳೆ, ತಟ್ಟೆ, ಭರಣಿ, ಈಗ ತಾನಾಗಿ ಸಾಲಾಗಿ ಬಂದು ನಿಂತವು. ಆದರೂ ನಾನು, ದೇವರೇ, ಇದು ನಿನ್ನೆ ಮೊನ್ನೆ ಆದದ್ದಿರಲಿ ಎಂದು ಬೇಡಿಕೊಂಡೆ. ಬೇಡಿಕೊಂಡದ್ದು ಅವರ ಕಣ್ಣಿಗಾಗಿಯೋ ನನ್ನ ತಪ್ಪಿಗಾಗಿಯೋ, ಇವತ್ತಿಗೂ ಹೇಳಲಾರೆ.

ಆಸ್ಪತ್ರೆಯಲ್ಲಿ ಅದೇ ಡಾಕ್ಟರು. ಬಲಗಣ್ಣನ್ನು ಬಹಳ ಹೊತ್ತು ನೋಡಿದರು. ಕೈಗೆ ಹಳದಿ ಬಣ್ಣದ ಔಷಧಿಯ ಸೂಜಿ ಚುಚ್ಚಿಸಿ ಕಣ್ಣಿನ ಫೋಟೋ ತೆಗೆಸಿದರು. ಸೋರಿಕೆ ನಡುಭಾಗವನ್ನು ದಾಟಿಯಾಗಿತ್ತು, ರಕ್ತ ಹರಡಿತ್ತು. ಲೇಸರ್ ಹಾಕುವ ಹಾಗಿರಲಿಲ್ಲ. ಈಗ ಇಂಥ ಕಣ್ಣಿಗೆ ಇಂಜೆಕ್ಷನ್ ಕೊಡುತ್ತಾರೆ, ಎಷ್ಟೋ ಜನರಿಗೆ ನೋಟ ಉಳಿಯುತ್ತದೆ. ಆಗ ಅದಿರಲಿಲ್ಲ. ಆಗ ಇದ್ದದ್ದು ಬೇಗ ಬರುವುದೊಂದೇ.

"ಯಾವತ್ತಿಂದ ಸೊಟ್ಟ ಕಾಣ್ತಿದೆ?" ಎಂದು ಡಾಕ್ಟರು ಕೇಳಿದರು.

"ಹದಿಮೂರು ದಿನಾ ಆತ್ರಿ" ಎಂದರು ಮಾವ. ದಿನವನ್ನು ಎಣಿಸಿಟ್ಟುಕೊಂಡಿದ್ದರು.

"ಮತ್ತೆ ಮನೇಲಿ ಯಾಕೆ ಹೇಳ್ಲಿಲ್ಲ?"

"ಹೇಳೀನ್ರಿ. ಅವತ್ತ ಹೇಳೀನಿ, ಸೊಸಿಗೆ."

ನಾನು ಭುಗಿಲೆದ್ದೆ. ಡಾಕ್ಟರ ಎದುರು, ಗಂಡನ ಎದುರು, ಬಾಗಿಲಲ್ಲಿ ನಿಂತಿದ್ದ ನರ್ಸಿನ ಎದುರು. "ಯಾವಾಗ ಹೇಳಿದ್ರಿ ಮಾವ? ಕಣ್ಣು ಅನ್ನೋ ಮಾತೇ ನಿಮ್ಮ ಬಾಯಲ್ಲಿ ಬರ್ಲಿಲ್ಲ. ಮೇಡಂ, ನಾನು ಇವರ ಲಿಂಗ ಮುಟ್ಟಿ ಕೆಡಿಸಿದೆ ಅಂತ ಬೈದ್ರು. ಅಷ್ಟೇ ಹೇಳಿದ್ದು."

ಮಾವ ನನ್ನ ಕಡೆ ತಿರುಗಿದರು. ಅಲ್ಲ, ನನ್ನ ದನಿ ಬಂದ ಕಡೆ ತಿರುಗಿದರು. ಅವರ ದನಿಯಲ್ಲಿ ಆವತ್ತು ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

"ನೀನ ಹೇಳಿದ್ದಿ, ಎಡಗಣ್ಣು ಮುಚ್ಚಿ ಲಿಂಗ ನೋಡ್ರಿ, ಸೊಟ್ಟ ಕಂಡ್ರ ಹೇಳ್ರಿ ಅಂತ. ದಿನಾ ನೋಡೀನಿ. ಸೊಟ್ಟ ಕಂಡ ದಿನಾ ಹೇಳೀನಿ."

ದಿನಾ ನೋಡಿದ್ದರು. ನಾನು ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿ ಬೆನ್ನು ತಿರುಗಿಸಿದಾಗ, ನನಗೆ ಗೊತ್ತಾಗದ ಹಾಗೆ, ಲಿಂಗವನ್ನು ಒಂದು ಕಣ್ಣು ಮುಚ್ಚಿ ನೋಡಿದ್ದರು. ನಾನು ಹೇಳಿದ್ದನ್ನೇ ಮಾಡಿದ್ದರು. ಕಂಡದ್ದು ಕಣ್ಣಿನ ಕೇಡೋ ನನ್ನ ಕೈಯ ಕೇಡೋ ಎಂಬ ಗೊಂದಲದಲ್ಲಿ, ನಮ್ಮಿಬ್ಬರ ನಡುವೆ ಇದ್ದದ್ದು ಬೈಗುಳದ ಭಾಷೆ ಒಂದೇ ಆದ್ದರಿಂದ, ಬೈಗುಳದಲ್ಲೇ ಹೇಳಿದ್ದರು. ನಾನು ಬೈಗುಳವನ್ನು ಇಟ್ಟುಕೊಂಡು ಸುದ್ದಿಯನ್ನು ಬಿಸಾಡಿದ್ದೆ.

"ಅವತ್ತೇ ಬಂದಿದ್ರೆ?" ಎಂದು ಗಂಡ ಕೇಳಿದರು. ಕೇಳಬಾರದಿತ್ತು.

"ಖಂಡಿತ ಉಳೀತಿತ್ತು ಅಂತ ಹೇಳಕ್ಕಾಗಲ್ಲ. ಅವಕಾಶ ಇತ್ತು" ಎಂದರು ಡಾಕ್ಟರು. ಮೊದಲ ಸಲ ಗದರಿದವರು ಈ ಸಲ ಗದರಲಿಲ್ಲ. ಪೂರ್ತಿ ಕತ್ತಲಾಗುವುದಿಲ್ಲ, ಅಂಚಿನ ನೋಟ ಉಳಿಯುತ್ತದೆ, ಓಡಾಡಿಕೊಂಡು ಇರಬಹುದು ಎಂದರು. ನೋಡಬೇಕಾದ ವಸ್ತುವನ್ನು ನೇರ ನೋಡದೆ ಅದರ ಪಕ್ಕಕ್ಕೆ ದೃಷ್ಟಿ ಇಟ್ಟರೆ ಅದು ಓರೆಗಣ್ಣಿಗೆ ಸಿಗುತ್ತದೆ ಎಂದು ತಮ್ಮ ಬೆರಳನ್ನೇ ಹಿಡಿದು ಅಭ್ಯಾಸ ಮಾಡಿಸಿದರು. ಬೀಡಿಯ ಬಗ್ಗೆ ಮತ್ತೆ ಹೇಳಿದರು. ಆ ಸಂಜೆ ಮಾವ ಕಟ್ಟನ್ನು ಮೋರಿಗೆ ಎಸೆದರು. ಉಳಿಸಿಕೊಳ್ಳುವುದು ಏನೂ ಇಲ್ಲದಾದ ಮೇಲೆ ಬಿಟ್ಟರಲ್ಲ ಎಂದು ನನಗೆ ಅಳುವೂ ಬಂತು, ಸಿಟ್ಟೂ ಬಂತು.

ಇದಾದ ಮೇಲೆ ನಾವು ಒಂದಾದೆವು ಎಂದು ಬರೆದರೆ ಸುಳ್ಳಾಗುತ್ತದೆ. ಫ್ಯಾಕ್ಟರಿಯ ನೆಲಕ್ಕೆ ಬಳಿಯುವ ಹಳದಿ ಬಣ್ಣವನ್ನು ತಂದು ಮೆಟ್ಟಿಲಿನ ಅಂಚಿಗೆ, ಬಚ್ಚಲಿನ ಹೊಸ್ತಿಲಿಗೆ ಪಟ್ಟಿ ಎಳೆದೆ. "ಮನೀನ ಶೆಡ್ ಮಾಡ್ಯಾಳ" ಎಂದು ಗೋಡೆಗೆ ದೂರು ಹೋಯಿತು. ಅನ್ನ ಕಾಣಲಿ ಎಂದು ಕಪ್ಪು ತಟ್ಟೆ ತಂದೆ. ಸೂತಕದ ಮನೆಯ ತಟ್ಟೆ ಎಂದು ನೂಕಿದರು. ಮೂರು ದಿನ ಬಿಟ್ಟು ಅದರಲ್ಲೇ ಉಂಡರು. ಸಾರಿನಲ್ಲಿ ಉಪ್ಪಿಲ್ಲ ಎನ್ನುವುದು ನಿಲ್ಲಲಿಲ್ಲ, ನಾನು ಡಬ್ಬಿ ಕುಕ್ಕುವುದೂ ನಿಲ್ಲಲಿಲ್ಲ. ಅವರು ನನ್ನನ್ನು ಕ್ಷಮಿಸಿದರೋ ಇಲ್ಲವೋ ನಾನು ಕೇಳಲಿಲ್ಲ, ಕೇಳಿದ್ದರೆ ಗೋಡೆಗೆ ಏನು ಹೇಳುತ್ತಿದ್ದರೋ ಎಂಬ ಭಯ. ನಾನು ನನ್ನನ್ನು ಕ್ಷಮಿಸಿಕೊಂಡಿಲ್ಲ. ಪಿನ್ನುಗಳನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದಾಗಲೆಲ್ಲ ಕೈ ಒಂದು ಕ್ಷಣ ತಡೆಯುತ್ತಿತ್ತು.

ಆಸ್ಪತ್ರೆಯಿಂದ ಬಂದ ಮಾರನೆಯ ಬೆಳಿಗ್ಗೆ ಅವರು ಎಂದಿನಂತೆ ಪೂಜೆಗೆ ಕೂತರು. ನಾನು ಅಡುಗೆಮನೆಯಲ್ಲಿದ್ದೆ. ಅಂಗೈ ಎತ್ತಿದರು, ನೇರ ನೋಡಿದರು. ನೇರ ನೋಡಿದರೆ ಅಲ್ಲಿ ಲಿಂಗವಿಲ್ಲ, ಮಸಕು. ಅಂಗೈಯನ್ನು ಸ್ವಲ್ಪ ಸ್ವಲ್ಪವಾಗಿ ಬಲಕ್ಕೆ ಸರಿಸಿದರು, ಮುಖ ಎಡಕ್ಕೆ ತಿರುಗಿಸಿದರು. ಎಲ್ಲೋ ಒಂದು ಅಂಚಿನಲ್ಲಿ ಸಿಕ್ಕಿರಬೇಕು, ನಿಂತರು. ಎಪ್ಪತ್ತು ವರ್ಷ ಎದುರೆದುರು ನೋಡಿದ್ದನ್ನು ಕದ್ದು ನೋಡುವವರ ಹಾಗೆ ಕೂತಿದ್ದರು. ಬಹಳ ಹೊತ್ತಾದ ಮೇಲೆ ದನಿ ಬಂತು.

"ನೆಟ್ಟಗೈತೇನು?"

ಗೋಡೆಗೆ ಕೇಳಿದ್ದು. ಮನೆಯಲ್ಲಿ ಇದ್ದದ್ದು ನಾನೊಬ್ಬಳೇ.

ಅಲ್ಲಿಂದಲೇ "ಹೂಂ" ಎನ್ನಬಹುದಿತ್ತು. ಒಗ್ಗರಣೆ ಸೀಯುತ್ತಿತ್ತು, ಬಸ್ಸಿನ ಹೊತ್ತಾಗಿತ್ತು. ಒಲೆ ಆರಿಸಿದೆ. ನಾಲ್ಕು ಹೆಜ್ಜೆ ನಡೆದು ಹೋಗಿ, ಸೆರಗು ತಾಗದ ಹಾಗೆ ಹಿಡಿದುಕೊಂಡು, ಅವರ ಅಂಗೈಯ ಮಟ್ಟಕ್ಕೆ ಬಗ್ಗಿದೆ. ಮುಂದಿನಿಂದ ನೋಡಿದೆ, ಎರಡೂ ಮಗ್ಗಲು ನೋಡಿದೆ.

"ನೆಟ್ಟಗಿದೆ ಮಾವ."

ಅವರು ಬದುಕಿದ್ದಷ್ಟು ವರ್ಷ ದಿನಾ ಕೇಳಿದರು. ನನ್ನ ಮಾತಿನ ಮೇಲೆ ಪೂರ್ತಿ ನಂಬಿಕೆ ಬರದೆ ಭಾನುವಾರ ಮಗನನ್ನು ಕರೆದು ಇನ್ನೊಂದು ಸಲ ಕೇಳಿಕೊಳ್ಳುತ್ತಿದ್ದರು. ನಾನು ಒಂದು ದಿನವೂ ನೋಡದೆ ಹೇಳಲಿಲ್ಲ.